ಕೊಡಗಿನ ಕಟ್ಟಡ ಕೆಲಸಕ್ಕೆ ಬೇಕಿರುವುದು ಕಲಿತ ಮೇಲ್ವಿಚಾರಕರು

ಕೊಡಗಿನಲ್ಲಿ ಮನೆ ಕಟ್ಟಲು ಹೊರಟವರಿಗೆ ನಕ್ಷೆ ಬರೆದುಕೊಡುವ ಎಂಜಿನಿಯರ್ ಸಿಗುತ್ತಾರೆ, ಗಾರೆ ಕೆಲಸದ ಮೇಸ್ತ್ರಿ ಸಿಗುತ್ತಾರೆ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಜೆಸಿಬಿಯೂ ಸಿಗುತ್ತದೆ. ಇವರೆಲ್ಲರ ನಡುವೆ ನಿಂತು, ನಕ್ಷೆಯಲ್ಲಿ ಬರೆದದ್ದು ನೆಲದ ಮೇಲೆ ಸರಿಯಾಗಿ ಆಗುತ್ತಿದೆಯೇ ಎಂದು ಬೆಳಗಿನಿಂದ ಸಂಜೆಯವರೆಗೆ ನೋಡಿಕೊಳ್ಳುವ, ತಪ್ಪಿದಾಗ ಕೆಲಸವನ್ನು ಅಲ್ಲಿಗೇ ನಿಲ್ಲಿಸಬಲ್ಲ ವ್ಯಕ್ತಿ ಮಾತ್ರ ಸಿಗುವುದು ಕಷ್ಟ. ದೊಡ್ಡ ನಗರಗಳಲ್ಲಿ ದೊಡ್ಡ ಕಂಪನಿಗಳು ಇಂಥವರನ್ನು ತಾವೇ ತಯಾರು ಮಾಡಿಕೊಳ್ಳುತ್ತವೆ. ಸುಮಾರು 4,100 ಚದರ ಕಿಲೋಮೀಟರ್ ವಿಸ್ತೀರ್ಣದ, 2011ರ ಜನಗಣತಿಯ ಪ್ರಕಾರ ಐದೂವರೆ ಲಕ್ಷದಷ್ಟು ಜನರಿರುವ ನಮ್ಮ ಜಿಲ್ಲೆಯಲ್ಲಿ ಕಟ್ಟಡ ಕೆಲಸವೆಂದರೆ ಬಹುಪಾಲು ಒಂಟಿ ಮನೆ, ಹೋಂಸ್ಟೇ, ತೋಟದ ಲೈನ್ ಮನೆ, ಕಾಫಿ ಗೋದಾಮು, ಕಣ, ತಡೆಗೋಡೆ, ರಸ್ತೆ ಬದಿಯ ಮಳಿಗೆ. ಒಂದೊಂದೂ ಸಣ್ಣ ಕೆಲಸವೇ ಆದ್ದರಿಂದ ಮೇಲ್ವಿಚಾರಣೆಗೆ ಪ್ರತ್ಯೇಕ ಸಂಬಳ ಕೊಡಲು ಯಾರೂ ಮುಂದಾಗುವುದಿಲ್ಲ. ಎಂಜಿನಿಯರ್ ವಾರಕ್ಕೊಮ್ಮೆ ಬಂದು ಹೋಗುತ್ತಾರೆ, ಮಾಲೀಕರು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತು ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ನೋಡಿ ಹಣ ಕಳಿಸುತ್ತಾರೆ, ಉಳಿದದ್ದೆಲ್ಲ ಮೇಸ್ತ್ರಿಯ ಅನುಭವಕ್ಕೆ ಬಿಟ್ಟದ್ದು.

ಆ ಅನುಭವವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಇಪ್ಪತ್ತು ವರ್ಷ ಗಾರೆ ಹಿಡಿದ ಕೈಗೆ ತಿಳಿದಿರುವ ಎಷ್ಟೋ ಸಂಗತಿಗಳು ಪುಸ್ತಕದಲ್ಲಿಲ್ಲ. ಆದರೆ ಬಯಲು ನಾಡಿನ ಅನುಭವ ಕೊಡಗಿನ ಇಳಿಜಾರಿಗೆ ಸಾಲುವುದಿಲ್ಲ, ಕೊಡಗಿನದೇ ಹಳೆಯ ಅನುಭವ ಇಂದಿನ ಯಂತ್ರಗಳ ವೇಗಕ್ಕೆ ಸಾಲುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹೆಬ್ಬೆಟ್ಟಗೇರಿಗಳ ಸುತ್ತ ಗುಡ್ಡಗಳು ಜಾರಿದವು. ಮರುವರ್ಷ ವಿರಾಜಪೇಟೆ ಭಾಗದ ತೋರದಲ್ಲಿ ಮನೆಗಳು ಮಣ್ಣಿನಡಿ ಹೋದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟವೇ ಕುಸಿದು ಅರ್ಚಕರ ಕುಟುಂಬವನ್ನು ಬಲಿ ತೆಗೆದುಕೊಂಡಿತು. ಇವೆಲ್ಲವನ್ನೂ ಕಟ್ಟಡ ಕೆಲಸದ ತಲೆಗೆ ಕಟ್ಟುವುದು ಸರಿಯಲ್ಲ. ಆ ವರ್ಷಗಳಲ್ಲಿ ಸುರಿದ ಮಳೆ ಅಸಾಧಾರಣವಾಗಿತ್ತು, ಮನುಷ್ಯರ ಕೈ ತಾಗದ ಇಳಿಜಾರುಗಳೂ ಕುಸಿದಿವೆ. ಆದರೂ 2018ರ ನಂತರ ಇಲ್ಲಿಗೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು, ರಸ್ತೆ ಮತ್ತು ಮನೆಗಳಿಗಾಗಿ ಇಳಿಜಾರನ್ನು ಅವೈಜ್ಞಾನಿಕವಾಗಿ ಕಡಿದದ್ದನ್ನು ಕುಸಿತದ ಕಾರಣಗಳಲ್ಲಿ ಮುಖ್ಯವಾಗಿ ಗುರುತಿಸಿದರು. ಮಳೆ ನಮ್ಮ ಹಿಡಿತದಲ್ಲಿಲ್ಲ. ಬರೆ, ಅಂದರೆ ಇಳಿಜಾರನ್ನು ಕಡಿದಾಗ ನಿಲ್ಲುವ ಮಣ್ಣಿನ ಗೋಡೆ, ಎಷ್ಟು ಎತ್ತರಕ್ಕೆ, ಯಾವ ಓರೆಯಲ್ಲಿ, ಯಾವ ತಿಂಗಳಲ್ಲಿ ಕಡಿಯಬೇಕು ಎಂಬುದು ನಮ್ಮ ಹಿಡಿತದಲ್ಲಿದೆ, ಮತ್ತು ಆ ತೀರ್ಮಾನ ಕೊನೆಗೂ ಆಗುವುದು ಕೆಲಸದ ಸ್ಥಳದಲ್ಲಿ.

ಅಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಳಿಜಾರಿನಲ್ಲಿ ಮನೆ ಕಟ್ಟಲು ಮೊದಲು ಸಮತಟ್ಟು ಜಾಗ ಬೇಕು. ಕೈಗುದ್ದಲಿಯ ಕಾಲದಲ್ಲಿ ಅದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು, ಆದ್ದರಿಂದ ಜನ ಆದಷ್ಟು ಕಡಿಮೆ ಮಣ್ಣು ಕಡಿಯುವ ಜಾಗವನ್ನೇ ಆರಿಸಿಕೊಳ್ಳುತ್ತಿದ್ದರು. ಈಗ ಯಂತ್ರ ಒಂದೇ ದಿನದಲ್ಲಿ ಹತ್ತು ಹನ್ನೆರಡು ಅಡಿ ಎತ್ತರದ ಬರೆಯನ್ನು ನೆಟ್ಟಗೆ ಕಡಿದು ನಿಲ್ಲಿಸಿಬಿಡುತ್ತದೆ, ತೆಗೆದ ಮಣ್ಣನ್ನು ಕೆಳಗಿನ ಅಂಚಿಗೆ ಹರಡಿ ಅಂಗಳವನ್ನೂ ಅಗಲ ಮಾಡಿಕೊಡುತ್ತದೆ. ಫೆಬ್ರುವರಿಯಲ್ಲಿ ಒಣಗಿ ಗಟ್ಟಿಯಾಗಿರುವ ಕೆಂಪು ಮಣ್ಣು ಗೋಡೆಯಂತೆ ನಿಲ್ಲುವುದರಿಂದ ಅಪಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಜುಲೈಯಲ್ಲಿ ಅದೇ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಮೇಲಿನ ತೋಟದಿಂದ ಹರಿದು ಬರುವ ನೀರಿಗೆ ಬೇರೆ ದಾರಿ ಇಲ್ಲದಿದ್ದರೆ ಅದು ಬರೆಯ ತಲೆಯಲ್ಲೇ ಇಂಗುತ್ತದೆ. ಕೆಳಗೆ ಹರಡಿದ ಸಡಿಲ ಮಣ್ಣಿನ ಮೇಲೆ ಮನೆಯ ಮುಂಭಾಗದ ಕಂಬ ನಿಂತಿದ್ದರೆ ತೊಂದರೆ ಎರಡೂ ಕಡೆಯಿಂದ ಬರುತ್ತದೆ.

ಕಲಿತ ಮೇಲ್ವಿಚಾರಕರೊಬ್ಬರು ಅಲ್ಲಿದ್ದರೆ ಯಂತ್ರ ಬರುವ ಮೊದಲೇ ಬರೆಯ ತಲೆಯಿಂದ ಹಿಂದಕ್ಕೆ ನೀರಿನ ಚರಂಡಿ ತೋಡಿಸುತ್ತಿದ್ದರು, ಒಂದೇ ಎತ್ತರದ ಕಡಿತದ ಬದಲು ಮೆಟ್ಟಿಲು ಮೆಟ್ಟಿಲಾಗಿ ಕಡಿಸುತ್ತಿದ್ದರು, ಕಂಬಗಳ ಬುಡ ತುಂಬಿದ ಮಣ್ಣನ್ನು ದಾಟಿ ಮೂಲ ನೆಲದಲ್ಲಿ ಕೂರುವಂತೆ ನೋಡಿಕೊಳ್ಳುತ್ತಿದ್ದರು. ಒಂದೂವರೆ ಮೀಟರ್‌ಗಿಂತ ಆಳದ ಗುಂಡಿಗೆ ಕೂಲಿಯವರನ್ನು ಇಳಿಸುವ ಮೊದಲು ಅದರ ಬದಿಗಳಿಗೆ ಆಸರೆ ಕೊಡಬೇಕು, ಇಲ್ಲವೇ ಓರೆಯಾಗಿ ಕಡಿಯಬೇಕು ಎಂದು ಅಗೆತದ ಸುರಕ್ಷತೆಗಾಗಿ ಇರುವ ಭಾರತೀಯ ಮಾನಕ ಐಎಸ್ 3764 ಹೇಳುತ್ತದೆ. ಜಿಲ್ಲೆಯಲ್ಲಿ ಬರೆ ಕುಸಿದು ಕಾರ್ಮಿಕರು ಮಣ್ಣಿನಡಿ ಸಿಲುಕಿದ ಸುದ್ದಿ ಬಂದಾಗಲೆಲ್ಲ ನನಗೆ ಮೊದಲು ಹೊಳೆಯುವುದು ಈ ಒಂದೂವರೆ ಮೀಟರ್. ಎದೆಯೆತ್ತರದ ಈ ಅಳತೆಯನ್ನು ಪಾಲಿಸಲು ದುಬಾರಿ ಉಪಕರಣವೇನೂ ಬೇಕಾಗಿಲ್ಲ, ಅದು ಗೊತ್ತಿರುವ ಮತ್ತು ಅದಕ್ಕಾಗಿ ಹಟ ಹಿಡಿಯುವ ಒಬ್ಬರು ಬೇಕು.

ತಡೆಗೋಡೆಯ ವಿಚಾರ ಇನ್ನೂ ಸ್ಪಷ್ಟ. ಮೂರು ಮೀಟರ್, ಅಂದರೆ ಹತ್ತು ಅಡಿಯಷ್ಟು ಎತ್ತರದ ಗೋಡೆಯ ಹಿಂದೆ ಒಣ ಮಣ್ಣಿದ್ದರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಅದು ತಳ್ಳುವ ಬಲ ಸಾಮಾನ್ಯ ಲೆಕ್ಕದಲ್ಲಿ ಎರಡೂವರೆಯಿಂದ ಮೂರು ಟನ್. ಗೋಡೆಯ ಹಿಂದೆ ಅದರ ಮೇಲ್ತುದಿಯವರೆಗೆ ನೀರು ನಿಂತರೆ ನೀರೊಂದರ ತಳ್ಳುವಿಕೆಯೇ ಸುಮಾರು ನಾಲ್ಕೂವರೆ ಟನ್ ಆಗುತ್ತದೆ, ಅದರ ಜೊತೆಗೆ ನೆಂದ ಮಣ್ಣಿನ ಪಾಲು ಬೇರೆ. ಒಟ್ಟು ಒತ್ತಡ ಹೆಚ್ಚುಕಡಿಮೆ ಇಮ್ಮಡಿ. ಇದನ್ನು ತಪ್ಪಿಸಲೆಂದೇ ಗೋಡೆಯಲ್ಲಿ ನೀರು ಹೊರಹೋಗುವ ರಂಧ್ರಗಳನ್ನು ಬಿಡುತ್ತಾರೆ, ಅವುಗಳ ಹಿಂದೆ ಜಲ್ಲಿಯ ಪದರ ತುಂಬುತ್ತಾರೆ. ನಕ್ಷೆಯಲ್ಲಿ ಇವೆರಡೂ ಇರುತ್ತವೆ. ಕೆಲಸದ ಸ್ಥಳದಲ್ಲಿ ಪೈಪಿನ ಬಾಯಿಗೆ ಗಾರೆ ಮೆತ್ತಿಕೊಂಡಿರುತ್ತದೆ, ಜಲ್ಲಿಗೆ ದುಡ್ಡು ಯಾಕೆ ಎಂದು ಅಗೆದು ತೆಗೆದ ಜೇಡಿ ಮಣ್ಣನ್ನೇ ಹಿಂದಕ್ಕೆ ತುಂಬಿರುತ್ತಾರೆ. ಹೊರಗಿನಿಂದ ನೋಡಿದರೆ ರಂಧ್ರಗಳು ಸಾಲಾಗಿ, ಚೆನ್ನಾಗಿಯೇ ಕಾಣುತ್ತವೆ. 2022ರ ಜುಲೈ ಮಳೆಯಲ್ಲಿ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ಪಕ್ಕದ ತಡೆಗೋಡೆ ಉಬ್ಬಿ, ಹೆದ್ದಾರಿಯ ಸಂಚಾರವನ್ನೇ ಬದಲಿಸಬೇಕಾಯಿತು. ಅದರ ಕಾರಣಗಳ ಚರ್ಚೆ ಬೇರೆಯದು. ಜಿಲ್ಲಾ ಕೇಂದ್ರದ ನಡುಮಧ್ಯೆ, ಸರ್ಕಾರದ ಹಣದಲ್ಲಿ ಎದ್ದ ಗೋಡೆಯೇ ಹಾಗಾದರೆ ಒಳನಾಡಿನ ತೋಟದ ಮನೆಯೊಂದರ ಹಿಂದಿನ ಗೋಡೆಯನ್ನು ಯಾರು ನೋಡುತ್ತಾರೆ ಎಂಬ ಆತಂಕ ಮಾತ್ರ ಅಂದಿನಿಂದ ಉಳಿದುಕೊಂಡಿದೆ.

ಕಾಂಕ್ರೀಟಿನ ಕಥೆಯೂ ಇದೇ. ನಮ್ಮಲ್ಲಿ ಮೋಲ್ಡ್ ಹಾಕುವ, ಅಂದರೆ ಚಾವಣಿಗೆ ಕಾಂಕ್ರೀಟ್ ಸುರಿಯುವ ಕೆಲಸ ಏಪ್ರಿಲ್, ಮೇ ತಿಂಗಳುಗಳಲ್ಲಿ ಒತ್ತರಿಸಿಕೊಂಡು ಬರುತ್ತದೆ, ಏಕೆಂದರೆ ಜೂನ್‌ನಲ್ಲಿ ಮಳೆ ಹಿಡಿದರೆ ಮುಂದಿನ ನಾಲ್ಕು ತಿಂಗಳು ಹೊರಗಿನ ಕೆಲಸ ನಿಂತಂತೆಯೇ. ಆ ಹೊತ್ತಿಗೆ ಮುಂಗಾರುಪೂರ್ವ ಮಳೆ ಬಂದು ಅಂಗಳದಲ್ಲಿ ರಾಶಿ ಹಾಕಿದ ಮರಳು ನೆಂದಿರುತ್ತದೆ. ಎಂ20 ದರ್ಜೆಯ ಕಾಂಕ್ರೀಟಿನ ಸಾಧಾರಣ ಮಿಶ್ರಣದಲ್ಲಿ ಐವತ್ತು ಕಿಲೋ ಸಿಮೆಂಟಿಗೆ ಮೂವತ್ತು ಲೀಟರ್‌ಗಿಂತ ಹೆಚ್ಚು ನೀರು ಬಳಸಬಾರದು ಎಂದು ಕಾಂಕ್ರೀಟಿಗಾಗಿ ಇರುವ ಭಾರತೀಯ ಮಾನಕ ಐಎಸ್ 456 ಮಿತಿ ಹಾಕಿದೆ. ಒಂದು ಮೂಟೆ ಸಿಮೆಂಟಿಗೆ ಸೇರುವ ಸುಮಾರು ಎಂಬತ್ತು ಕಿಲೋ ಮರಳಿನಲ್ಲಿ ಶೇ 5ರಷ್ಟು ತೇವವಿದ್ದರೂ ನಾಲ್ಕು ಲೀಟರ್ ನೀರು ಆಗಲೇ ಒಳಗಿದೆ. ಅದನ್ನು ಲೆಕ್ಕಕ್ಕೆ ಹಿಡಿಯದೆ ದಿನವೂ ಹಾಕುವಷ್ಟೇ ನೀರು ಹಾಕಿ, ಮಿಶ್ರಣ ಸಲೀಸಾಗಿ ಹರಿಯಲಿ ಎಂದು ಮೇಲಿನಿಂದ ಅರ್ಧ ಬಕೆಟ್ ಸೇರಿಸಿದರೆ ಕಾಂಕ್ರೀಟಿನ ಬಲ ಕುಗ್ಗುತ್ತದೆ. ಇನ್ನೊಂದು ಕಡೆ, ತೇವದ ಮರಳು ಉಬ್ಬಿಕೊಳ್ಳುವುದರಿಂದ ಬಾಂಡ್ಲಿಯ ಲೆಕ್ಕದಲ್ಲಿ ಅಳೆದಾಗ ಮರಳು ಕಾಲುಭಾಗದಷ್ಟು ಕಡಿಮೆ ಬಿದ್ದಿರಲೂಬಹುದು. ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿಲ್ಲ. ಮೂವತ್ತು ಸೆಂಟಿಮೀಟರ್ ಎತ್ತರದ ತಗಡಿನ ಸ್ಲಂಪ್ ಕೋನ್‌ನಲ್ಲಿ ಕಾಂಕ್ರೀಟ್ ತುಂಬಿ, ಕೋನನ್ನು ಮೇಲೆತ್ತಿ, ರಾಶಿ ಎಷ್ಟು ಕುಸಿಯಿತು ಎಂದು ಅಳೆಯಲು ಕೆಲವೇ ನಿಮಿಷ ಸಾಕು. ಸಣ್ಣ ಕೆಲಸಗಳಲ್ಲಿ ಆ ಕೋನ್ ಕಣ್ಣಿಗೆ ಬೀಳುವುದೇ ಅಪರೂಪ.

ಆಸರೆ ಕಂಬಗಳನ್ನು ತೆಗೆಯುವ ವಿಷಯದಲ್ಲೂ ಸ್ಥಳೀಯ ತಿಳಿವಳಿಕೆ ಬೇಕು. ನಾಲ್ಕೂವರೆ ಮೀಟರ್‌ವರೆಗಿನ ಅಂಕಣದ ಮೋಲ್ಡಿಗೆ ಏಳು ದಿನ, ಅದಕ್ಕಿಂತ ಅಗಲವಾದದ್ದಕ್ಕೆ ಹದಿನಾಲ್ಕು ದಿನ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸಿದಾಗ ಮತ್ತು ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯದಿದ್ದಾಗ ಮಾತ್ರ ಈ ಲೆಕ್ಕ ಎಂಬುದು ಐಎಸ್ 456ರ ಅದೇ ಸಾಲಿನಲ್ಲಿದ್ದರೂ ಬಾಯಿಂದ ಬಾಯಿಗೆ ಬರುವಾಗ ಬಿಟ್ಟುಹೋಗಿದೆ. ಇಂದು ಮನೆ ಕೆಲಸಕ್ಕೆ ಹೆಚ್ಚಾಗಿ ಬರುವುದು ನಿಧಾನವಾಗಿ ಬಲ ಪಡೆಯುವ, ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್. ಮಡಿಕೇರಿಯ ಡಿಸೆಂಬರ್, ಜನವರಿ ರಾತ್ರಿಗಳು 15 ಡಿಗ್ರಿಗಿಂತ ಕೆಳಗೆ ಹೋಗುತ್ತವೆ. ಬಯಲುಸೀಮೆಯಿಂದ ಬಂದ ಸೆಂಟ್ರಿಂಗ್ ತಂಡ ಮುಂದಿನ ಕೆಲಸಕ್ಕೆ ಹಲಗೆ ಬೇಕೆಂದು ಎಂಟನೆಯ ದಿನ ಬಿಚ್ಚಲು ಬಂದಾಗ, ಇನ್ನೂ ಕಾಯಬೇಕು ಎಂದು ಕಾರಣಸಹಿತ ಹೇಳಬಲ್ಲವರು ಅಲ್ಲಿರಬೇಕು.

ಇಷ್ಟೆಲ್ಲ ವಿವರ ಕೊಡಲು ಕಾರಣವಿದೆ. ಕಟ್ಟಡದಲ್ಲಿ ಮುಖ್ಯವಾದದ್ದೆಲ್ಲ ಮುಚ್ಚಿಹೋಗುವಂಥದ್ದು. ಅಡಿಪಾಯವನ್ನು ಮಣ್ಣು ಮುಚ್ಚುತ್ತದೆ, ಕಂಬಿಯನ್ನು ಕಾಂಕ್ರೀಟ್ ಮುಚ್ಚುತ್ತದೆ, ತಡೆಗೋಡೆಯ ಹಿಂದಿನ ಜಲ್ಲಿಯನ್ನು ಅಂಗಳವೇ ಮುಚ್ಚುತ್ತದೆ. ಕಂಬಿ ಮತ್ತು ಹಲಗೆಯ ನಡುವೆ ಅಂತರ ಕಾಯುವ ಕವರ್ ಬ್ಲಾಕ್ ಇಟ್ಟಿದ್ದರೇ ಇಲ್ಲವೇ ಎಂಬುದು ನಮ್ಮಂಥ ಮಳೆನಾಡಿನಲ್ಲಿ ಕಂಬಿ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂಬುದನ್ನು ನಿರ್ಧರಿಸುತ್ತದೆ, ಆದರೆ ಅದನ್ನು ನೋಡಲು ಇರುವ ಅವಕಾಶ ಕಂಬಿ ಕಟ್ಟಿ ಮುಗಿಸಿದ ಹೊತ್ತಿನಿಂದ ಕಾಂಕ್ರೀಟ್ ಬೀಳುವ ಹೊತ್ತಿನವರೆಗೆ ಮಾತ್ರ. ವಾರಕ್ಕೊಮ್ಮೆ ಬರುವ ಎಂಜಿನಿಯರ್‌ಗೆ ಆ ಹೊತ್ತು ಸಿಗದಿರುವ ಸಾಧ್ಯತೆಯೇ ಹೆಚ್ಚು. ದಿನವಿಡೀ ಅಲ್ಲಿರುವ ಮೇಲ್ವಿಚಾರಕರ ಕಣ್ಣು ಮತ್ತು ಅವರ ದಿನಚರಿ ಪುಸ್ತಕ ಬಿಟ್ಟರೆ ಮುಂದೆ ಬೇರೆ ಸಾಕ್ಷಿಯೇ ಇರುವುದಿಲ್ಲ.

ಹಾಗಾದರೆ ಇರುವ ತರಬೇತಿಗಳು ಏನು ಮಾಡುತ್ತಿವೆ? ತಾಂತ್ರಿಕ ಶಿಕ್ಷಣದ ವಿಷಯದಲ್ಲಿ ಕೊಡಗು ಬರಿಗೈಯಲ್ಲಿಲ್ಲ. ಕುಶಾಲನಗರದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಮತ್ತು ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯಲ್ಲಿ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಮಡಿಕೇರಿಯಲ್ಲಿ ಐಟಿಐ ಇವೆ. ದೇಶದ ಐಟಿಐ ವ್ಯವಸ್ಥೆಯಲ್ಲಿ ಸಿವಿಲ್ ಡ್ರಾಫ್ಟ್ಸ್‌ಮನ್‌ಗೆ ಎರಡು ವರ್ಷದ, ಪ್ಲಂಬರ್ ಮತ್ತು ಗಾರೆ ಕೆಲಸಕ್ಕೆ ಒಂದು ವರ್ಷದ ಕಲಿಕೆ ಇದೆ. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆ ಅನುಭವಸ್ಥ ಕಾರ್ಮಿಕರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ದಾರಿಯನ್ನೂ ತೆರೆಯಿತು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಗಾರೆಯೂ ಮರಗೆಲಸವೂ ಸೇರಿವೆ. ಅದರಲ್ಲಿ ಮೊದಲ ಹಂತಕ್ಕೆ ಐದರಿಂದ ಏಳು ದಿನದ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ ನೆರವು ಸಿಗುತ್ತದೆ. ಇವೆಲ್ಲವುಗಳ ಪೈಕಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಗ್ರಾಮೀಣ ವಸತಿ ಯೋಜನೆಯ ಜೊತೆಗೆ ರೂಪಿಸಿದ ಗ್ರಾಮೀಣ ಗಾರೆ ತರಬೇತಿ. ಅದರಲ್ಲಿ ಕಲಿಯುವವರು ನಲವತ್ತೈದು ದಿನಗಳಲ್ಲಿ ಫಲಾನುಭವಿಯೊಬ್ಬರ ನಿಜವಾದ ಮನೆಯನ್ನೇ ಕಟ್ಟುತ್ತಾ ಕಲಿಯುತ್ತಾರೆ.

ಈ ಯೋಜನೆಗಳು ಕೈಕೆಲಸವನ್ನು ಕಲಿಸುತ್ತವೆ, ಕಾಲೇಜುಗಳು ವಿನ್ಯಾಸದ ಲೆಕ್ಕವನ್ನು ಕಲಿಸುತ್ತವೆ. ಕೆಲಸದ ಸ್ಥಳವನ್ನು ನಡೆಸುವುದು ಎರಡರಲ್ಲೂ ಬದಿಗೆ ಸರಿದ ವಿಷಯ. ನಾಳೆ ಯಾವ ತಂಡಕ್ಕೆ ಯಾವ ಕೆಲಸ, ಜಲ್ಲಿ ಎಷ್ಟು ಲೋಡ್ ಬಂತು ಎಷ್ಟು ಖರ್ಚಾಯಿತು, ನೆಲದ ಮೇಲೆ ಹಾಕಿದ ಮಾರ್ಕಿಂಗ್‌ನ ಮೂಲೆಗಳು ಕರ್ಣದ ಅಳತೆಗೆ ಸರಿಹೊಂದಿದವೇ, ಹತ್ತು ಅಡಿ ಮೇಲಿನ ಅಟ್ಟಣಿಗೆಗೆ ಕಟಕಟೆ ಕಟ್ಟಿದ್ದಾರೆಯೇ, ಅಸ್ಸಾಮಿನಿಂದಲೋ ಪಶ್ಚಿಮ ಬಂಗಾಳದಿಂದಲೋ ಬಂದ ಹುಡುಗರಿಗೆ ಸುರಕ್ಷತೆಯ ಸೂಚನೆ ಅವರಿಗೆ ತಿಳಿಯುವ ಮಾತಿನಲ್ಲಿ ತಲುಪಿತೇ, ಮುಗಿದ ಕೆಲಸದ ಅಳತೆ ಬಿಲ್ಲಿಗೆ ಹೊಂದುತ್ತದೆಯೇ, ಇದು ಮೇಲ್ವಿಚಾರಣೆಯ ನಿತ್ಯದ ಹೂರಣ. 1983ರಲ್ಲಿ ಆರಂಭವಾದ ಪುಣೆಯ ನಿಕ್‌ಮಾರ್ ಸಂಸ್ಥೆ ನಿರ್ಮಾಣ ನಿರ್ವಹಣೆಯನ್ನೇ ಕಲಿಸುತ್ತದೆಯಾದರೂ ಅದು ಪದವೀಧರರಿಗೆ, ದೊಡ್ಡ ಯೋಜನೆಗಳಿಗೆ. ಸೋಮವಾರಪೇಟೆಯ ಒಂದು ಮನೆ ಕೆಲಸವನ್ನು ನಡೆಸುವವರಿಗೆ ಆ ಬಾಗಿಲು ಬಹಳ ದೂರದ್ದು.

ಬ್ರಿಟನ್ನಿನ ಪದ್ಧತಿಯಿಂದ ಒಂದೆರಡು ಅಂಶಗಳನ್ನು ನಾವು ಪಡೆಯಬಹುದು. ಅಲ್ಲಿ 1964ರಲ್ಲಿ ಸ್ಥಾಪನೆಯಾದ ನಿರ್ಮಾಣ ಉದ್ಯಮ ತರಬೇತಿ ಮಂಡಳಿ ಸೈಟ್ ಮ್ಯಾನೇಜರ್‌ಗಳಿಗೆಂದೇ ಐದು ದಿನಗಳ ಸುರಕ್ಷತಾ ತರಬೇತಿಯನ್ನು ರೂಪಿಸಿದೆ, ಅದರ ಪ್ರಮಾಣಪತ್ರ ಐದು ವರ್ಷಕ್ಕೆ ಮುಗಿಯುತ್ತದೆ, ಮುಂದುವರಿಯಬೇಕಾದರೆ ಮತ್ತೆ ಕಲಿಯಬೇಕು. ಸೈಟ್ ನಿರ್ವಹಣೆಯ ವೃತ್ತಿ ಅರ್ಹತೆಯನ್ನು ಅಳೆಯುವುದಂತೂ ಪರೀಕ್ಷಾ ಕೊಠಡಿಯ ಹೊರಗೆ. ಮೌಲ್ಯಮಾಪಕರು ಕೆಲಸದ ಸ್ಥಳಕ್ಕೆ ಬರುತ್ತಾರೆ, ಅಭ್ಯರ್ಥಿ ತಾನು ನಡೆಸಿದ ಕೆಲಸದ ವರದಿ, ಯೋಜನೆ, ಸಭೆಯ ಟಿಪ್ಪಣಿಗಳನ್ನು ಪುರಾವೆಯಾಗಿ ಒಪ್ಪಿಸುತ್ತಾರೆ. ಓದು ಬರಹ ಕಡಿಮೆಯಿದ್ದರೂ ಕೆಲಸ ಬಲ್ಲ ಮೇಸ್ತ್ರಿಯನ್ನು ನ್ಯಾಯವಾಗಿ ಅಳೆಯಲು ಇದು ಲಿಖಿತ ಪರೀಕ್ಷೆಗಿಂತ ಉತ್ತಮ ವಿಧಾನ ಎಂದು ನನಗನ್ನಿಸುತ್ತದೆ. ನಮ್ಮಲ್ಲೂ ನಿರ್ಮಾಣ ವಲಯಕ್ಕಾಗಿ 2013ರಲ್ಲಿ ರಚನೆಯಾದ ಕೌಶಲ ಮಂಡಳಿ ಇದೆ, ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನಲ್ಲಿ ಮೇಲ್ವಿಚಾರಕ ಹಂತದ ಮಾನದಂಡಗಳಿಗೆ ಜಾಗವೂ ಇದೆ. ಅವುಗಳನ್ನು ಗುಡ್ಡಗಾಡಿಗೆ ಒಗ್ಗಿಸಿ ಕನ್ನಡದಲ್ಲಿ ಜಿಲ್ಲೆಗೆ ತರುವ ಕೆಲಸ ಆಗಬೇಕು.

ನನ್ನ ಅಭಿಪ್ರಾಯದಲ್ಲಿ ಕೊಡಗಿನ ತರಬೇತಿಗೆ ಎರಡು ಬಾಗಿಲುಗಳಿರಬೇಕು. ಒಂದರಿಂದ ಅನುಭವಿ ಮೇಸ್ತ್ರಿಗಳು ಬರಬೇಕು. ಅವರು ನಕ್ಷೆ ಓದುವುದನ್ನು, ಲೆವೆಲ್ ಉಪಕರಣ ಬಳಸುವುದನ್ನು, ಅಳತೆ ಮತ್ತು ದಾಖಲೆ ಬರೆಯುವುದನ್ನು ಕಲಿಯಬೇಕು. ಇನ್ನೊಂದರಿಂದ ಡಿಪ್ಲೊಮಾ ಮುಗಿಸಿದ ಯುವಕ ಯುವತಿಯರು ಬರಬೇಕು. ಲೆಕ್ಕ ಅವರಿಗೆ ಗೊತ್ತಿದೆ, ಹಸಿ ಕಾಂಕ್ರೀಟಿನ ಮುಂದೆ ನಿಂತು ಐವತ್ತು ವರ್ಷದ ಮೇಸ್ತ್ರಿಗೆ ‘ಅಣ್ಣ, ಇದನ್ನು ಬಿಚ್ಚಿ ಮತ್ತೆ ಕಟ್ಟಿಸಿ’ ಎಂದು ಹೇಳುವ ಧೈರ್ಯ ಮತ್ತು ಅದನ್ನು ಮನಸ್ಸು ನೋಯದಂತೆ ಹೇಳುವ ರೀತಿ ಅವರಿಗೆ ಬರಬೇಕಿದೆ. ಈ ಇಬ್ಬರನ್ನೂ ಒಂದೇ ತರಗತಿಯಲ್ಲಿ ಜೋಡಿಯಾಗಿ ಕೂರಿಸಿದರೆ ಕಲಿಕೆಯ ಅರ್ಧ ಭಾಗ ಅವರವರ ನಡುವೆಯೇ ನಡೆಯುತ್ತದೆ. ಹುಡುಗಿಯರು ಸಿವಿಲ್ ಓದಿದ ಮೇಲೆ ಕಚೇರಿಯ ಕಂಪ್ಯೂಟರಿನ ಮುಂದೆಯೇ ಉಳಿಯದೆ ಕೆಲಸದ ಸ್ಥಳಕ್ಕೆ ಬರಬೇಕಾದರೆ ಅಲ್ಲಿ ಶೌಚಾಲಯ ಇರಬೇಕು, ಸಂಜೆ ಹಿಂದಿರುಗಲು ಬಸ್ಸಿನ ಹೊತ್ತಿಗೆ ಕೆಲಸ ಮುಗಿಯಬೇಕು. ಇದನ್ನು ನೋಡಿಕೊಳ್ಳುವುದೂ ಸೈಟ್ ನಿರ್ವಹಣೆಯ ಪಾಠವೇ.

ತರಬೇತಿಯ ಕಾಲವನ್ನು ಬೆಂಗಳೂರಿನ ಶೈಕ್ಷಣಿಕ ವೇಳಾಪಟ್ಟಿಯಿಂದ ತರಬಾರದು, ನಮ್ಮ ಮಳೆಯಿಂದ ತೆಗೆದುಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡದ ತಿಂಗಳಲ್ಲಿ, ಹೊರಗಿನ ಕೆಲಸ ನಡೆಯುವುದಿಲ್ಲ, ಕಾರ್ಮಿಕರ ಕೈಯಲ್ಲಿ ಸಮಯವಿರುತ್ತದೆ. ತರಗತಿಯ ಪಾಠಗಳು ಆಗ ನಡೆಯಲಿ. ಅದೇ ಮಳೆಯಲ್ಲಿ ಕಲಿಯುವವರನ್ನು ಮಡಿಕೇರಿ, ಮಾದಾಪುರ, ಭಾಗಮಂಡಲದ ರಸ್ತೆಗಳಿಗೆ ಕರೆದೊಯ್ದು, ಯಾವ ಬರೆ ನಿಂತಿದೆ ಯಾವುದು ಜಾರಿದೆ, ಯಾವ ಗೋಡೆಯ ರಂಧ್ರದಿಂದ ನೀರು ಬರುತ್ತಿದೆ ಯಾವುದರಿಂದ ಬರುತ್ತಿಲ್ಲ ಎಂದು ತೋರಿಸಬಹುದು. ಅಕ್ಟೋಬರ್ ನಡುವೆ ಬರುವ ತುಲಾ ಸಂಕ್ರಮಣದ ನಂತರ ಮಣ್ಣು ಆರಿದ ಮೇಲೆ ಮಾರ್ಕಿಂಗ್‌ನಿಂದ ಆರಂಭಿಸಿ ಮೇ ತಿಂಗಳವರೆಗೆ ಒಂದೇ ಕಟ್ಟಡದ ಎಲ್ಲ ಹಂತಗಳಲ್ಲೂ ಅವರು ಕೆಲಸ ಮಾಡಲಿ. ಮಳೆಗಾಲದಲ್ಲಿ ಭಾರಿ ವಾಹನಗಳ ಸಂಚಾರಕ್ಕೆ ಜಿಲ್ಲಾಡಳಿತ ನಿರ್ಬಂಧ ಹಾಕುವುದು ವಾಡಿಕೆಯಾಗಿರುವುದರಿಂದ, ಯಾವ ಸಾಮಗ್ರಿಯನ್ನು ಯಾವ ವಾರದೊಳಗೆ ತರಿಸಿಕೊಳ್ಳಬೇಕು ಎಂಬ ಯೋಜನೆಯೂ ಆಗ ತಾನಾಗಿಯೇ ಪಾಠವಾಗುತ್ತದೆ. 2018ರ ಸಂತ್ರಸ್ತರಿಗಾಗಿ ಕರ್ಣಂಗೇರಿ, ಮದೆ, ಜಂಬೂರಿನಲ್ಲಿ ಮನೆಗಳ ಸಾಲುಗಳೇ ಎದ್ದವು. ಅಂಥ ಕಾಮಗಾರಿಯ ಗುತ್ತಿಗೆಯಲ್ಲೇ ಸ್ಥಳೀಯ ಮೇಲ್ವಿಚಾರಕರ ಒಂದು ತಂಡವನ್ನು ತರಬೇತುಗೊಳಿಸಬೇಕೆಂಬ ಷರತ್ತು ಮುಂದಿನ ದಿನಗಳಲ್ಲಾದರೂ ಸೇರಬೇಕು.

ಹಣದ ಪ್ರಶ್ನೆಯನ್ನು ಬಿಟ್ಟು ಇದೆಲ್ಲ ಮಾತನಾಡಿದರೆ ಪ್ರಯೋಜನವಿಲ್ಲ. ದಿನಗೂಲಿಯ ಮೇಲೆ ಮನೆ ನಡೆಸುವ ಮೇಸ್ತ್ರಿ ತಿಂಗಳುಗಟ್ಟಲೆ ಬಿಡುವು ಮಾಡಿಕೊಳ್ಳಲಾರರು. ಮಳೆಗಾಲದಲ್ಲಿ ಸಿಗುವ ಒಳಗಿನ ಪ್ಲಾಸ್ಟರಿಂಗ್, ಟೈಲ್ಸ್ ಕೆಲಸವನ್ನೂ ಬಿಟ್ಟು ಬರಬೇಕಾಗುತ್ತದೆ. ಕಟ್ಟಡ ನಿರ್ಮಾಣದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಸಂಗ್ರಹಿಸುವ ವ್ಯವಸ್ಥೆ 1996ರ ಕಾಯ್ದೆಯಿಂದ ಬಂದದ್ದು, ರಾಜ್ಯದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ನಿಧಿ ಅದರಿಂದಲೇ ಬೆಳೆದದ್ದು. ಕಾರ್ಮಿಕರ ಬೆವರಿನ ಲೆಕ್ಕದಲ್ಲಿ ಸೇರಿದ ಈ ಹಣದಿಂದ ಉಪಕರಣದ ಕಿಟ್ ಕೊಡುವುದರ ಜೊತೆಗೆ, ತರಬೇತಿಯ ದಿನಗಳ ಕೂಲಿಯನ್ನು ಪೂರ್ತಿಯಾಗಿ ತುಂಬಿಕೊಡಬೇಕು. 500 ರೂಪಾಯಿ ಭತ್ಯೆಗೆ ನುರಿತ ಮೇಸ್ತ್ರಿ ಬರುವುದಿಲ್ಲ, ಬರಲಿ ಎಂದು ನಿರೀಕ್ಷಿಸುವುದು ನ್ಯಾಯವೂ ಅಲ್ಲ.

ತರಬೇತಿ ಪಡೆದವರಿಗೆ ಬೇಡಿಕೆ ಹುಟ್ಟುವುದು ಮಾತ್ರ ಪಂಚಾಯತಿಯ ಮೇಜಿನ ಮೇಲೆ. ಮನೆ ಕಟ್ಟಲು ಪರವಾನಗಿ ಕೇಳಿ ಬಂದವರಿಂದ ಇಂದು ನಕ್ಷೆಗೆ ಎಂಜಿನಿಯರ್ ಸಹಿ ಕೇಳುತ್ತಾರೆ. ಇಳಿಜಾರಿನಲ್ಲಿ ಒಂದೂವರೆ ಮೀಟರ್‌ಗಿಂತ ಎತ್ತರಕ್ಕೆ ಬರೆ ಕಡಿಯುವ ಅಥವಾ ಅಷ್ಟು ಎತ್ತರದ ತಡೆಗೋಡೆ ಕಟ್ಟುವ ಪ್ರತಿ ಕೆಲಸಕ್ಕೂ ಪ್ರಮಾಣೀಕೃತ ಮೇಲ್ವಿಚಾರಕರ ಹೆಸರನ್ನೂ ಕೇಳಬೇಕು. ಅಡಿಪಾಯ ಮುಚ್ಚುವ ಮುನ್ನ, ತಡೆಗೋಡೆಯ ಹಿಂದೆ ಮಣ್ಣು ತುಂಬುವ ಮುನ್ನ, ಮೋಲ್ಡ್ ಹಾಕುವ ಮುನ್ನ ಅವರು ತೆಗೆದ ದಿನಾಂಕ ಸಹಿತವಾದ ಫೋಟೊಗಳನ್ನು ಕಡತಕ್ಕೆ ಸೇರಿಸಬೇಕು. ಒಬ್ಬ ಮೇಲ್ವಿಚಾರಕರು ಒಂದೇ ಊರಿನ ಸುತ್ತಲಿನ ನಾಲ್ಕೈದು ಮನೆ ಕೆಲಸಗಳನ್ನು ಹಂಚಿಕೊಂಡು ನೋಡಿದರೆ ಪ್ರತಿ ಮಾಲೀಕರ ಪಾಲಿಗೆ ಬರುವ ಖರ್ಚು ಭಾರವಾಗುವುದಿಲ್ಲ. ಕಟ್ಟಡ ಮುಗಿದ ಮೇಲೆ ಬಿರುಕು ಬಿಟ್ಟ ತಡೆಗೋಡೆಯನ್ನು ಒಡೆದು ಮತ್ತೆ ಕಟ್ಟಿಸುವ ಖರ್ಚಿನ ಮುಂದೆ ಅದು ಸಣ್ಣ ಮೊತ್ತ. ಮೇಲ್ವಿಚಾರಕರು ಕೆಲಸ ನಿಲ್ಲಿಸಿ ಎಂದಾಗ ಗುತ್ತಿಗೆದಾರ ಅವರನ್ನೇ ಕೆಲಸದಿಂದ ತೆಗೆಯುವ ಹಾಗಿರಬಾರದು, ಆದ್ದರಿಂದ ಅವರ ನೇಮಕವೂ ಸಂಬಳವೂ ಗುತ್ತಿಗೆದಾರನ ಕೈಯಲ್ಲಿರದೆ ಮಾಲೀಕರಿಂದಲೇ ಆಗಬೇಕು. ಮಡಿಕೇರಿ ತಾಲೂಕಿನ ಕೆಲವು ಪಂಚಾಯತಿಗಳಲ್ಲಿ, 2018ರಲ್ಲಿ ನೆಲ ಜಾರಿದ್ದನ್ನು ಕಣ್ಣಾರೆ ಕಂಡ ಊರುಗಳಲ್ಲೇ, ಬರುವ ಮಳೆಗಾಲದ ತರಗತಿಯಿಂದ ಇದನ್ನು ಆರಂಭಿಸಬಹುದು.